ಚರ್ಚೆ ಹನ್ನೊಂದಕ್ಕೆ, ಟಿಪ್ಪಣಿ ಹತ್ತಕ್ಕೆ

ಸಂಸತ್ತಿನ ಗ್ರಂಥಾಲಯ ಎಂದರೆ ಹಳೆಯ ಗೆಜೆಟ್ಟು, ದಪ್ಪ ರಟ್ಟಿನ ನಡಾವಳಿ ಸಂಪುಟಗಳ ಉಗ್ರಾಣ ಎಂದುಕೊಂಡವರೇ ಹೆಚ್ಚು. ಸದನದಲ್ಲಿ ಇವತ್ತು, ನಾಳೆ ಚರ್ಚೆಗೆ ಬರುವ ವಿಷಯಗಳ ಮೇಲೆ ಸದಸ್ಯರಿಗೆ ಮಾಹಿತಿ ಕೊಡುವುದೂ ಅದರ ಕೆಲಸವೇ. ಈ ಕೆಲಸದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬೇಕಾದ್ದೆಲ್ಲ ಫೋನಿನಲ್ಲೇ ಸಿಗುತ್ತದೆ. ಸಚಿವಾಲಯಗಳೂ ವರದಿ ಕೊಡುತ್ತವೆ. ಹೀಗಿರುವಾಗ ಸಂಸತ್ತಿಗೆಂದೇ ಒಂದು ಗ್ರಂಥಾಲಯ, ಅದರಲ್ಲೊಂದಿಷ್ಟು ಸಂಶೋಧಕರು ಯಾಕೆ ಬೇಕು?

ಉತ್ತರ: ಸದಸ್ಯರಿಗೆ ಮಾಹಿತಿಯ ಬರವಿಲ್ಲ, ಅದು ಮೇಜಿನ ಮೇಲೆ ರಾಶಿ ಬಿದ್ದಿರುತ್ತದೆ. ಆದರೆ ಸಚಿವಾಲಯದ ವರದಿ ತನ್ನ ಕೆಲಸವನ್ನು ಸಮರ್ಥಿಸಿಕೊಳ್ಳುತ್ತದೆ, ಪಕ್ಷದ ಕಚೇರಿಯ ಟಿಪ್ಪಣಿ ಪಕ್ಷದ ನಿಲುವನ್ನು ಹೇಳುತ್ತದೆ, ಉದ್ಯಮ ಸಂಘಗಳು ತಮಗೆ ಅನುಕೂಲವಾದಷ್ಟನ್ನೇ ಕಳಿಸುತ್ತವೆ. ಸಚಿವರ ಬೆನ್ನಿಗೆ ಇಡೀ ಇಲಾಖೆ ಇರುತ್ತದೆ. ಹಿಂದಿನ ಸಾಲಿನ ಸದಸ್ಯರ ಬೆನ್ನಿಗೆ ಒಬ್ಬಿಬ್ಬರು ಸಹಾಯಕರು ಇದ್ದರೆ ಹೆಚ್ಚು. ಯಾವ ಕಡೆಗೂ ವಾಲದ, ಹೊತ್ತಿಗೆ ಸರಿಯಾಗಿ ಕೈಗೆ ಬರುವ, ಓದಿ ಮುಗಿಸುವಷ್ಟೇ ಉದ್ದವಿರುವ ಕಾಗದ ಈ ರಾಶಿಯಲ್ಲಿ ಇರುವುದಿಲ್ಲ. ಗ್ರಂಥಾಲಯದ ಕೆಲಸ ಅದನ್ನು ಕೊಡುವುದು.

ಈ ಪದ್ಧತಿ ಹಳೆಯದೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1901ರಲ್ಲಿ ಚಾರ್ಲ್ಸ್ ಮೆಕಾರ್ಥಿ ಶಾಸಕರಿಗೆಂದೇ ಒಂದು ರೆಫರೆನ್ಸ್ ಗ್ರಂಥಾಲಯವನ್ನು ಕಟ್ಟಿದರು. 1914ರಲ್ಲಿ ಅಮೆರಿಕದ ಕಾಂಗ್ರೆಸ್ ಅದೇ ಮಾದರಿಯ ವಿಭಾಗವನ್ನು ತನ್ನ ಗ್ರಂಥಾಲಯದೊಳಗೆ ತೆರೆಯಿತು. 1970ರ ಕಾನೂನು ಅದಕ್ಕೆ ಕಾಂಗ್ರೆಷನಲ್ ರಿಸರ್ಚ್ ಸರ್ವಿಸ್ ಎಂಬ ಈಗಿನ ಹೆಸರನ್ನು ಕೊಟ್ಟಿತು. ಬ್ರಿಟನ್ನಿನ ಕಾಮನ್ಸ್ ಸಭೆಯ ಗ್ರಂಥಾಲಯ 1818ರದು, ಭಾರತದ ಸಂಸತ್ತಿನದು 1921ರದು. ಯುರೋಪಿಯನ್ ಪಾರ್ಲಿಮೆಂಟ್ ತನ್ನ ಸಂಶೋಧನಾ ಸೇವೆಗೆ ಈಗಿನ ರೂಪ ಕೊಟ್ಟಿದ್ದು 2013ರಲ್ಲಿ.

ಪ್ರಶ್ನೆ: ಸದಸ್ಯರು ಒಂದು ಪ್ರಶ್ನೆ ಕೇಳಿದರೆ ಒಳಗೆ ಏನೇನು ನಡೆಯುತ್ತದೆ? ಒಂದು ಉದಾಹರಣೆ ಹಿಡಿದು ಹೇಳಿ.

ಉತ್ತರ: ಬೆಳಿಗ್ಗೆ ಒಬ್ಬ ಸದಸ್ಯರ ಸಹಾಯಕರ ಫೋನು: ‘ಶಾಲೆ ಬಿಡುವ ಮಕ್ಕಳು ಜಾಸ್ತಿ ಆಗಿದ್ದಾರಂತೆ, ಅಂಕಿ ಬೇಕಿತ್ತು, ಸ್ವಲ್ಪ ಬೇಗ.’ ಇಷ್ಟು ಕೇಳಿ ಹುಡುಕಲು ಕೂತರೆ ಅರ್ಧ ದಿನ ವ್ಯರ್ಥ. ಹಾಗಾಗಿ ರೆಫರೆನ್ಸ್ ಡೆಸ್ಕಿನವರು ಮೊದಲು ನಾಲ್ಕು ಮಾತು ಕೇಳುತ್ತಾರೆ.

ಮೊದಲನೆಯದು, ಎಷ್ಟು ಗಂಟೆಗೆ ಬೇಕು? ‘ಬೇಗ’ ಅನ್ನುವುದು ಹೊತ್ತಲ್ಲ. ಹನ್ನೊಂದಕ್ಕೆ ಚರ್ಚೆ ಎಂದಾದರೆ ಟಿಪ್ಪಣಿ ಹತ್ತಕ್ಕಾದರೂ ಕೈಯಲ್ಲಿರಬೇಕು, ಓದಿಕೊಳ್ಳಲು ಅವರಿಗೂ ಸಮಯ ಬೇಕಲ್ಲ. ಎರಡನೆಯದು, ಯಾತಕ್ಕೆ? ಭಾಷಣಕ್ಕೆ, ಉಪಪ್ರಶ್ನೆಗೆ, ಮತದಾರರ ಪತ್ರಕ್ಕೆ ಉತ್ತರ ಬರೆಯಲು, ಸಮಿತಿಯಲ್ಲಿ ಅಧಿಕಾರಿಗಳನ್ನು ಪ್ರಶ್ನಿಸಲು, ಇವು ನಾಲ್ಕಕ್ಕೂ ಬೇಕಾಗುವ ಕಾಗದ ಬೇರೆ ಬೇರೆ. ಮೂರನೆಯದು, ಎಷ್ಟು ಉದ್ದ ಇರಬೇಕು, ಎರಡು ಸಾಲೋ ಒಂದು ಪುಟವೋ? ನಾಲ್ಕನೆಯದು, ಈ ಮಾತು ಬಂದದ್ದು ಎಲ್ಲಿಂದ? ಪತ್ರಿಕೆಯ ತುಣುಕು ಇದ್ದರೆ ಅದನ್ನೇ ಕಳಿಸಲಿ. ಈ ನಾಲ್ಕನೆಯದನ್ನು ಕೇಳಲು ಹೊಸಬರು ಮರೆಯುತ್ತಾರೆ. ನಮ್ಮನ್ನು ಕೇಳಿದರೆ ಹೆಚ್ಚು ಕೆಲಸ ಉಳಿಸುವುದು ಅದೇ.

ಇಷ್ಟು ಮಾತಾದ ಮೇಲೆ ನಿಜವಾದ ಪ್ರಶ್ನೆ ಹೊರಬೀಳುತ್ತದೆ: ತಮ್ಮ ಕ್ಷೇತ್ರದಲ್ಲಿ, ಪ್ರೌಢಶಾಲೆಯ ಹೆಣ್ಣುಮಕ್ಕಳ ವಿಷಯದಲ್ಲಿ, ಐದು ವರ್ಷದ ಲೆಕ್ಕ ಬೇಕು. ಅಲ್ಲೇ ಒಂದು ತೊಡಕು. ಶಾಲೆಯ ಅಂಕಿಗಳು ಆಡಳಿತದ ಗಡಿಗಳ ಪ್ರಕಾರ ಸಿಗುತ್ತವೆ, ಚುನಾವಣಾ ಕ್ಷೇತ್ರದ ಗಡಿ ಬೇರೆ. ಎರಡನ್ನೂ ಹೊಂದಿಸಲು ಶಾಲೆವಾರು ಪಟ್ಟಿ ಬೇಕು. ಅದು ಇಲ್ಲದಿದ್ದರೆ ‘ಜಿಲ್ಲೆಯದ್ದು ಕೊಡುತ್ತೇವೆ, ಕ್ಷೇತ್ರದ್ದು ಆಗುವುದಿಲ್ಲ’ ಎಂದು ಫೋನಿನಲ್ಲೇ ಹೇಳಿಬಿಡಬೇಕು. ಹತ್ತು ಗಂಟೆಗೆ ಹೇಳಿದರೆ ಪ್ರಯೋಜನವಿಲ್ಲ.

ಹುಡುಕುವುದಕ್ಕೂ ಒಂದು ಕ್ರಮವಿದೆ. ಇದೇ ವಿಷಯಕ್ಕೆ ಹಿಂದೆ ಕೊಟ್ಟ ಉತ್ತರ ತಮ್ಮಲ್ಲೇ ಇದೆಯೇ ಎಂದು ಮೊದಲು ನೋಡುತ್ತಾರೆ. ಆಮೇಲೆ ಸಚಿವರು ಸದನಕ್ಕೆ ಲಿಖಿತವಾಗಿ ಕೊಟ್ಟ ಉತ್ತರಗಳು, ಸರ್ಕಾರವನ್ನೇ ಅದರ ಮಾತಿಗೆ ಕಟ್ಟಿಹಾಕಲು ಇವುಗಳಷ್ಟು ಅನುಕೂಲ ಬೇರೊಂದಿಲ್ಲ. ನಂತರ ಅಂಕಿಅಂಶ ಇಲಾಖೆ, ಲೆಕ್ಕಪರಿಶೋಧನೆಯ ವರದಿ, ಕೊನೆಗೆ ವಿಶ್ವವಿದ್ಯಾಲಯಗಳ ಅಧ್ಯಯನ.

ಅಂಕಿ ಸಿಕ್ಕಿತು ಅಂದುಕೊಳ್ಳಿ: ಮೂರನೇ ವರ್ಷಕ್ಕೆ ಶಾಲೆ ಬಿಟ್ಟವರ ಪ್ರಮಾಣ ದಿಢೀರನೆ ಅರ್ಧಕ್ಕಿಳಿದಿದೆ. ಯೋಜನೆಯ ಯಶಸ್ಸು ಎಂದು ಬರೆಯಲು ಕೈ ಓಡುತ್ತದೆ. ಅಡಿಟಿಪ್ಪಣಿ ಓದಿದರೆ, ಅದೇ ವರ್ಷ ಎಣಿಸುವ ಕ್ರಮ ಬದಲಾಗಿದೆ. ಮುಂಚೆ ಶಾಲೆಯವರು ಒಟ್ಟು ಸಂಖ್ಯೆ ಮಾತ್ರ ಕೊಡುತ್ತಿದ್ದರು, ಊರು ಬಿಟ್ಟು ಬೇರೆ ಶಾಲೆ ಸೇರಿದ ಹುಡುಗಿಯೂ ‘ಬಿಟ್ಟವಳು’ ಆಗುತ್ತಿದ್ದಳು. ಈಗ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ನೋಂದಣಿ ಸಂಖ್ಯೆ ಇರುವುದರಿಂದ ಅಂಥವಳು ಲೆಕ್ಕದಿಂದ ಹೊರಗೆ. ಶಾಲೆಯಲ್ಲಿ ಏನೂ ಬದಲಾಗದೆ ಕಾಗದದ ಮೇಲೆ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಕೋಷ್ಟಕದಲ್ಲಿ ಎರಡನೇ ಮತ್ತು ಮೂರನೇ ವರ್ಷದ ನಡುವೆ ಗೆರೆ ಎಳೆದು, ‘ಈ ಗೆರೆಯ ಆಚೀಚೆ ಹೋಲಿಸುವಂತಿಲ್ಲ’ ಎಂದು ಬರೆಯುತ್ತಾರೆ. ಈ ಒಂದು ಸಾಲು ತಪ್ಪಿದರೆ ಸದಸ್ಯರು ಸದನದಲ್ಲಿ ತಲೆ ತಗ್ಗಿಸಬೇಕಾಗುತ್ತದೆ.

ಟಿಪ್ಪಣಿಯ ಮೊದಲ ಮೂರು ಸಾಲಿನಲ್ಲೇ ಉತ್ತರ ಇರಬೇಕು. ಹಿನ್ನೆಲೆ, ಇತಿಹಾಸ ಎಲ್ಲ ಆಮೇಲೆ. ಪ್ರತಿ ಅಂಕಿಯ ಪಕ್ಕ ಯಾವ ದಿನದ ಲೆಕ್ಕ, ಯಾರದ್ದು ಎಂದು ಇರಬೇಕು. ಬರೆದವರಲ್ಲದ ಇನ್ನೊಬ್ಬರು ಅಂಕಿಗಳನ್ನು ಮೂಲದೊಡನೆ ತಾಳೆ ನೋಡಬೇಕು, ಅರ್ಧ ಗಂಟೆ ಮಾತ್ರ ಇದ್ದಾಗಲೂ. ಕಳಿಸಿದ ಹೊತ್ತನ್ನು ಕಾಗದದ ತಲೆಯಲ್ಲಿ ನಮೂದಿಸಿ, ಒಂದು ಪ್ರತಿಯನ್ನು ದಾಖಲೆಯಲ್ಲಿ ಇಡುತ್ತಾರೆ.

ಮೂವತ್ತು ಲಿಂಕುಗಳನ್ನು ಒಟ್ಟುಗೂಡಿಸಿ ಕಳಿಸುವುದು ಈ ಕೆಲಸದಲ್ಲಿ ಸಾಮಾನ್ಯವಾಗಿ ಕಾಣುವ ಲೋಪ. ಹುಡುಕುವ ಕೆಲಸವನ್ನು ಹಾಗೇ ಹಿಂದಕ್ಕೆ ಕೊಟ್ಟಂತೆ ಅದು. ಅಂಕಿಯೇ ಇಲ್ಲದಾಗ ಅದನ್ನು ಮುಚ್ಚಿಟ್ಟು ಪಕ್ಕದ ವಿಷಯದ ಅಂಕಿ ಕೊಡುವುದು ಇನ್ನೂ ಕೆಟ್ಟದ್ದು. ‘ಈ ಲೆಕ್ಕವನ್ನು ಸರ್ಕಾರ ಇಡುತ್ತಲೇ ಇಲ್ಲ’ ಎಂಬುದೂ ಉತ್ತರವೇ. ಸದಸ್ಯರಿಗೆ ಅದರಿಂದಲೇ ಒಳ್ಳೆಯ ಪ್ರಶ್ನೆ ಹುಟ್ಟಬಹುದು.

ಪ್ರಶ್ನೆ: ಮಸೂದೆಯ ಪ್ರತಿ ಎಲ್ಲ ಸದಸ್ಯರಿಗೂ ಸಿಗುತ್ತದಲ್ಲ. ಅದಕ್ಕೆ ಗ್ರಂಥಾಲಯದ ಟಿಪ್ಪಣಿ ಬೇರೆ ಯಾಕೆ?

ಉತ್ತರ: ತಿದ್ದುಪಡಿ ಮಸೂದೆಯೊಂದನ್ನು ಕೈಗೆತ್ತಿಕೊಂಡು ನೋಡಿ. ‘ಮೂಲ ಅಧಿನಿಯಮದ 12ನೇ ಕಲಮಿನ (2)ನೇ ಉಪಕಲಮಿನಲ್ಲಿ “ಮೂವತ್ತು” ಎಂಬ ಪದಕ್ಕೆ ಬದಲಾಗಿ “ಅರವತ್ತು” ಎಂಬ ಪದವನ್ನು ಪ್ರತಿಷ್ಠಾಪಿಸತಕ್ಕದ್ದು.’ ಮೂವತ್ತು ಏನು? ದಿನವೋ, ವಯಸ್ಸೋ, ಶೇಕಡಾವಾರೋ? ಹಳೆಯ ಕಾನೂನನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಈ ಸಾಲಿಗೆ ಅರ್ಥವೇ ಇಲ್ಲ. ಆ ಹಳೆಯ ಕಾನೂನಿಗೂ ಈಗಾಗಲೇ ಐದಾರು ತಿದ್ದುಪಡಿ ಆಗಿರುತ್ತದೆ.

ಅದಕ್ಕೇ ಮೊದಲು ತಿದ್ದುಪಡಿಗಳನ್ನೆಲ್ಲ ಹೊಲಿದು ಸೇರಿಸಿದ ಪಠ್ಯ ಸಿದ್ಧ ಮಾಡುತ್ತಾರೆ: ತೆಗೆದದ್ದಕ್ಕೆ ಅಡ್ಡಗೆರೆ, ಸೇರಿಸಿದ್ದಕ್ಕೆ ಅಡಿಗೆರೆ. ಆಮೇಲೆ ಮೂರು ಅಂಕಣದ ಪಟ್ಟಿ: ಈಗ ಏನಿದೆ, ಏನಾಗಲಿದೆ, ಅದರಿಂದ ಯಾರಿಗೆ ಏನು. ಮೂವತ್ತು ದಿನದ ಮೇಲ್ಮನವಿ ಅವಧಿ ಅರವತ್ತಾಯಿತು ಎಂದು ಮೂರನೇ ಅಂಕಣದಲ್ಲಿ ಓದಿದಾಗಲೇ ವಿಷಯ ಹೊಳೆಯುವುದು.

ಜನ ಕಣ್ಣು ಹಾಯಿಸದ ಮೂಲೆಗಳನ್ನು ಟಿಪ್ಪಣಿಕಾರರು ಮೊದಲು ನೋಡುತ್ತಾರೆ. ವ್ಯಾಖ್ಯೆಗಳ ಕಲಂ ಅಂಥದ್ದೊಂದು. ‘ಕೆಲಸಗಾರ’ ಎಂದರೆ ಯಾರು ಎಂಬ ವಿವರಣೆಯಲ್ಲಿ ಒಂದು ಪದ ಬಿದ್ದುಹೋದರೆ ಮುಂದಿನ ನಲವತ್ತು ಕಲಮುಗಳ ವ್ಯಾಪ್ತಿಯೇ ಬದಲಾಗುತ್ತದೆ. ‘ಮಾಡತಕ್ಕದ್ದು’ ಹೋಗಿ ‘ಮಾಡಬಹುದು’ ಬಂದಿದೆಯೇ ಎಂದೂ ನೋಡುತ್ತಾರೆ, ಅಲ್ಲಿ ಕರ್ತವ್ಯ ಹೋಗಿ ವಿವೇಚನೆ ಬಂದಂತೆ. ನಿಯಮ ಮಾಡುವ ಅಧಿಕಾರದ ಕಲಮಿನಲ್ಲಿ, ಮುಖ್ಯ ವಿಷಯವನ್ನೇ ಸದನದ ಮುಂದೆ ತಾರದೆ ‘ನಿಯಮಿಸಬಹುದಾದಂತೆ’ ಎಂದು ಬಿಟ್ಟಿದ್ದಾರೆಯೇ ಎಂದು ಹುಡುಕುತ್ತಾರೆ. ಕೊನೆಗೆ, ಜಾರಿಯ ದಿನಾಂಕ. ‘ಸರ್ಕಾರವು ಅಧಿಸೂಚಿಸುವ ದಿನಾಂಕದಿಂದ’ ಎಂದಿದ್ದರೆ ಕಾನೂನು ಪಾಸಾಗಿಯೂ ವರ್ಷಗಟ್ಟಲೆ ಕಪಾಟಿನಲ್ಲಿ ಕೂರಬಹುದು. ಹೀಗಾಗಿ ಒಳ್ಳೆಯ ಗ್ರಂಥಾಲಯದಲ್ಲಿ ‘ಪಾಸಾಗಿದೆ, ಜಾರಿಯಾಗಿಲ್ಲ’ ಎಂಬ ಪಟ್ಟಿಯೂ ಇರುತ್ತದೆ.

ಆಸ್ಟ್ರೇಲಿಯಾದ ಸಂಸತ್ತಿನ ಗ್ರಂಥಾಲಯ ‘ಬಿಲ್ಸ್ ಡೈಜೆಸ್ಟ್’ ಎಂಬ ಹೆಸರಿನಲ್ಲಿ ಇಂಥ ಟಿಪ್ಪಣಿಗಳನ್ನು ಹೊರತರುತ್ತದೆ. ಮಸೂದೆಯ ಬಗ್ಗೆ ಪಕ್ಷಗಳು, ಸಂಘಟನೆಗಳು ಏನು ಹೇಳಿವೆ ಎಂಬುದೂ ಅದರಲ್ಲಿರುತ್ತದೆ. ಮಾದರಿ ನೋಡಬೇಕೆಂದಿದ್ದರೆ ಅದರಿಂದ ಶುರು ಮಾಡಿ.

ಪ್ರಶ್ನೆ: ಮುಂದೆ ಯಾವ ವಿಷಯ ಸದನಕ್ಕೆ ಬರುತ್ತದೆ ಎಂದು ಮುಂಚೆಯೇ ತಿಳಿಯುವುದು ಹೇಗೆ?

ಉತ್ತರ: ಭವಿಷ್ಯ ಹೇಳಬೇಕಾಗಿಲ್ಲ, ಕ್ಯಾಲೆಂಡರ್ ಇಟ್ಟುಕೊಂಡರೆ ಮುಕ್ಕಾಲು ಪಾಲು ಆಯಿತು. ಅಧಿವೇಶನದ ಆರಂಭದಲ್ಲಿ ಸರ್ಕಾರ ಪ್ರಕಟಿಸುವ ಕಾರ್ಯಸೂಚಿ, ಆಯವ್ಯಯದ ದಿನಗಳು, ಅವಧಿ ಮುಗಿಯಲಿರುವ ಕಾನೂನುಗಳು, ವರದಿ ಕೊಡಲು ಗಡುವು ಇರುವ ಆಯೋಗಗಳು, ತೀರ್ಪು ಕಾಯ್ದಿರಿಸಿದ ದೊಡ್ಡ ಮೊಕದ್ದಮೆಗಳು ಎಲ್ಲ ಅದರಲ್ಲಿರಬೇಕು.

ಉಳಿದ ಕಾಲು ಪಾಲಿಗೆ ಗ್ರಂಥಾಲಯದ ಪ್ರಶ್ನೆಗಳ ದಾಖಲೆಯೇ ಕೈಮರ. ಒಂದೇ ವಾರದಲ್ಲಿ ಬೇರೆ ಬೇರೆ ಪಕ್ಷದ ಮೂವರು ಒಂದೇ ವಿಷಯ ಕೇಳಿದರೆ ನಾಲ್ಕನೆಯವರು ಕೇಳುವವರೆಗೆ ಕಾಯಬಾರದು, ಎಲ್ಲರಿಗೂ ಆಗುವ ಸಾಮಾನ್ಯ ಟಿಪ್ಪಣಿ ಬರೆದಿಡಬೇಕು. ಉದ್ದದ ಬಗ್ಗೆ ಅನುಭವಸ್ಥರು ಕಟ್ಟುನಿಟ್ಟು. ಅಮೆರಿಕದ ಸೇವೆಯ ‘ಇನ್ ಫೋಕಸ್’ ಎರಡು ಪುಟ. 1989ರಲ್ಲಿ ಶುರುವಾದ ಬ್ರಿಟಿಷ್ ಸಂಸತ್ತಿನ ವಿಜ್ಞಾನ ಕಚೇರಿ ಪೋಸ್ಟ್ ತನ್ನ ಟಿಪ್ಪಣಿಗಳನ್ನು ಬಹುಕಾಲ ನಾಲ್ಕು ಪುಟಕ್ಕೆ ಕಟ್ಟಿಹಾಕಿತ್ತು. ಸಾಮಾನ್ಯ ಟಿಪ್ಪಣಿಗಳಿಗೆ ಇರುವ ಅಪಾಯ ಒಂದೇ, ಹಳಸುವುದು. ಪ್ರತಿಯೊಂದಕ್ಕೂ ಮರುಪರಿಶೀಲನೆಯ ದಿನಾಂಕ ಇರಬೇಕು. ಆ ದಿನ ದಾಟಿದ ಟಿಪ್ಪಣಿ ಪಟ್ಟಿಯಿಂದ ಕೆಳಗಿಳಿಯಬೇಕು.

ಬೆಳಗಿನ ಪತ್ರಿಕಾ ತುಣುಕುಗಳ ಬಗ್ಗೆಯೂ ಒಬ್ಬರು ಕೇಳಿದ್ದಾರೆ. ಅದು ಈಗಲೂ ನಡೆಯುತ್ತದೆ, ಕತ್ತರಿ ಮತ್ತು ಅಂಟು ಮಾತ್ರ ಹೋಗಿವೆ. ಸದಸ್ಯರು ಆರಿಸಿಕೊಂಡ ವಿಷಯಗಳ ಮೇಲೆ ಬಂದದ್ದನ್ನು ಮಾತ್ರ ಕಳಿಸುತ್ತಾರೆ. ಆರಿಸಿದ ವಿಷಯ ಹತ್ತು ದಾಟಿದರೆ ಯಾರೂ ತೆರೆದು ನೋಡುವುದಿಲ್ಲ.

ಪ್ರಶ್ನೆ: ಅಂಕಿಗಳ ವಿಷಯದಲ್ಲಿ ಪದೇ ಪದೇ ಎಡವುವುದು ಎಲ್ಲಿ?

ಉತ್ತರ: ಎರಡು ಜಾಗದಲ್ಲಿ. ನಿರುದ್ಯೋಗ ಶೇ. 8ರಿಂದ ಶೇ. 10ಕ್ಕೆ ಏರಿತು ಅಂದುಕೊಳ್ಳಿ. ಒಬ್ಬರು ‘ಶೇ. 2 ಏರಿಕೆ’ ಅನ್ನುತ್ತಾರೆ, ಇನ್ನೊಬ್ಬರು ‘ಶೇ. 25 ಏರಿಕೆ’ ಅನ್ನುತ್ತಾರೆ. ಮೊದಲನೆಯವರು ಹೇಳಬೇಕಾದದ್ದು ‘2 ಶೇಕಡಾ ಅಂಶ’. ಎರಡನೆಯವರ ಲೆಕ್ಕ ಸರಿ, ಆದರೆ ಕೇಳಿದವರಿಗೆ ನಿರುದ್ಯೋಗವೇ ಶೇ. 25 ಆದಂತೆ ಕೇಳಿಸುತ್ತದೆ. ಟಿಪ್ಪಣಿಯಲ್ಲಿ ‘8ರಿಂದ 10ಕ್ಕೆ’ ಎಂದು ಎರಡೂ ತುದಿಯನ್ನು ಬರೆದುಬಿಟ್ಟರೆ ಜಗಳವಿಲ್ಲ.

ಎರಡನೆಯದು ಅನುದಾನ. ಕಳೆದ ವರ್ಷ 100 ಕೋಟಿ, ಈ ವರ್ಷ 105 ಕೋಟಿ. ಹೆಚ್ಚಾಯಿತೇ? ಬೆಲೆಗಳು ಶೇ. 7 ಏರಿದ್ದರೆ 105ನ್ನು 1.07ರಿಂದ ಭಾಗಿಸಿ: 98.1 ಕೋಟಿ. ಕೊಳ್ಳುವ ಶಕ್ತಿಯಲ್ಲಿ ಸುಮಾರು ಶೇ. 1.9 ಇಳಿದಿದೆ. ಇದರ ಜೊತೆಗೆ, ಕಳೆದ ವರ್ಷದ 100 ಎಂಬುದು ಆಯವ್ಯಯದ ಅಂದಾಜೋ, ಪರಿಷ್ಕೃತ ಅಂದಾಜೋ, ನಿಜವಾಗಿ ಖರ್ಚಾದದ್ದೋ ಎಂದು ನೋಡಬೇಕು. ಕಳೆದ ವರ್ಷದ ಖರ್ಚನ್ನು ಈ ವರ್ಷದ ಅಂದಾಜಿನ ಪಕ್ಕ ಇಟ್ಟರೆ ಯಾವ ಯೋಜನೆಯೂ ಉಬ್ಬಿಕೊಂಡಂತೆ ಕಾಣುತ್ತದೆ.

ಪ್ರಶ್ನೆ: ವಿರೋಧ ಪಕ್ಷದವರು ಏನು ಕೇಳಿದರೆಂದು ಸಚಿವರಿಗೆ ತಿಳಿದುಬಿಡುವುದಿಲ್ಲವೇ?

ಉತ್ತರ: ತಿಳಿದ ದಿನ ಗ್ರಂಥಾಲಯದ ಬಾಗಿಲು ಮುಚ್ಚಬಹುದು, ಆಮೇಲೆ ಯಾರೂ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1999ರ ಸಂಸದೀಯ ಸೇವಾ ಕಾನೂನೇ ಇದನ್ನು ಕಟ್ಟುಪಾಡಾಗಿ ಬರೆದಿದೆ: ಸಕಾಲಕ್ಕೆ, ಪಕ್ಷಪಾತವಿಲ್ಲದೆ, ಗೋಪ್ಯವಾಗಿ, ಎಲ್ಲ ಸದಸ್ಯರಿಗೂ ಸಮಾನವಾಗಿ.

ಇಲಾಖೆಯಿಂದಲೇ ಮಾಹಿತಿ ತರಿಸಬೇಕಾದಾಗ ಕೇಳಿದವರ ಹೆಸರನ್ನು ಹೇಳುವುದಿಲ್ಲ. ಪ್ರಶ್ನೆಯ ಬಾಯಿಯನ್ನೂ ಸ್ವಲ್ಪ ಅಗಲ ಮಾಡಬೇಕು. ಒಂದೇ ಊರಿನ ಆಸ್ಪತ್ರೆಯ ಲೆಕ್ಕ ಕೇಳಿದರೆ ಕೇಳಿದವರು ಯಾರೆಂದು ಮಗುವೂ ಊಹಿಸುತ್ತದೆ. ಅದಕ್ಕೆ ಇಡೀ ಪ್ರದೇಶದ್ದನ್ನು ತರಿಸಿ, ಬೇಕಾದ್ದನ್ನು ಇಲ್ಲೇ ಆರಿಸಿಕೊಳ್ಳುತ್ತಾರೆ. ಎರಡೂ ಕಡೆಯವರು ಒಂದೇ ದಿನ ಒಂದೇ ವಿಷಯ ಕೇಳಿದರೆ ಇಬ್ಬರಿಗೂ ಅದೇ ಸಂಗತಿ, ಅದೇ ಅಂಕಿ. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ಗುಟ್ಟು ಬಯಲಾಗುವುದು ಸಾಮಾನ್ಯವಾಗಿ ಸಣ್ಣ ಅಜಾಗರೂಕತೆಯಿಂದ: ಫೈಲಿನ ಹೆಸರಿನಲ್ಲೇ ಸದಸ್ಯರ ಹೆಸರು ಉಳಿದಿರುವುದು, ಎಲ್ಲರೂ ಬಳಸುವ ಪ್ರಿಂಟರಿನ ತಟ್ಟೆಯಲ್ಲಿ ಪ್ರತಿ ಮರೆತು ಬರುವುದು. ಫೈಲಿಗೆ ಸಂಖ್ಯೆ ಮಾತ್ರ ಕೊಡಿ, ಹೆಸರು ದಾಖಲೆಯಲ್ಲಿರಲಿ.

ಪ್ರಶ್ನೆ: ಇಷ್ಟೆಲ್ಲ ತಿಳಿದವರು ‘ಹೀಗೆ ಮಾಡಿ’ ಎಂದು ಸಲಹೆಯನ್ನೇ ಕೊಡಬಾರದೇ?

ಉತ್ತರ: ಕೊಡುವುದಿಲ್ಲ. ತೀರ್ಮಾನ ಮತ ಪಡೆದು ಬಂದವರದ್ದು. ಮೂರು ನಾಲ್ಕು ದಾರಿಗಳನ್ನು ಮುಂದಿಟ್ಟು, ಒಂದೊಂದರ ಖರ್ಚು, ಲಾಭ ಯಾರಿಗೆ, ಹೊರೆ ಯಾರ ಮೇಲೆ, ಬೇರೆಡೆ ಮಾಡಿ ನೋಡಿದಾಗ ಏನಾಯಿತು ಎಂದು ಹೇಳಿ ಅಲ್ಲಿಗೆ ನಿಲ್ಲಿಸುತ್ತಾರೆ. ಖರ್ಚಿನ ಲೆಕ್ಕ ಬೆಳೆದು ತಾನೇ ಒಂದು ಸಂಸ್ಥೆಯಾಗುವುದೂ ಉಂಟು: ಕೆನಡಾದ ಸಂಸದೀಯ ಬಜೆಟ್ ಅಧಿಕಾರಿಯ ಹುದ್ದೆ ಮೊದಲಿಗೆ ಅಲ್ಲಿನ ಸಂಸತ್ತಿನ ಗ್ರಂಥಾಲಯದೊಳಗೇ ಇತ್ತು, 2017ರಲ್ಲಿ ಬೇರೆಯಾಯಿತು.

ಪಕ್ಷಪಾತ ಹೆಚ್ಚಾಗಿ ಪದಗಳಲ್ಲಿ ನುಸುಳುತ್ತದೆ. ‘ಕೇವಲ 10 ಕೋಟಿ’, ‘ಬರೋಬ್ಬರಿ 10 ಕೋಟಿ’, ಎರಡರಲ್ಲೂ ಮೊದಲ ಪದವನ್ನು ಹೊಡೆಯಿರಿ. ಸಚಿವರು ‘ಒಪ್ಪಿಕೊಂಡರು’ ಎಂದರೆ ತಪ್ಪಿತಸ್ಥರಂತೆ, ‘ಸ್ಪಷ್ಟಪಡಿಸಿದರು’ ಎಂದರೆ ಅವರದ್ದೇ ಸರಿ ಎಂಬಂತೆ, ‘ಹೇಳಿದರು’ ಸಾಕು. ಮಸೂದೆಗೆ ಬೀದಿಯಲ್ಲಿ ಬಿದ್ದ ಅಡ್ಡಹೆಸರು ಬೇಡ, ಮುಖಪುಟದಲ್ಲಿ ಅಚ್ಚಾಗಿರುವ ಹೆಸರೇ ಇರಲಿ.

ಪ್ರಶ್ನೆ: ಈ ಟಿಪ್ಪಣಿಗಳನ್ನು ನಮ್ಮಂಥವರು ಓದಬಹುದೇ?

ಉತ್ತರ: ಸಾಮಾನ್ಯ ಟಿಪ್ಪಣಿಗಳನ್ನು ಬಹಳ ಕಡೆ ಓದಬಹುದು. ಬ್ರಿಟನ್, ಆಸ್ಟ್ರೇಲಿಯಾ, ಯುರೋಪಿಯನ್ ಪಾರ್ಲಿಮೆಂಟಿನವು ಉಚಿತವಾಗಿ ಸಿಗುತ್ತವೆ. ಅಮೆರಿಕದ ವರದಿಗಳೂ 2018ರಿಂದ ಅಧಿಕೃತವಾಗಿಯೇ ಜನರಿಗೆ ತೆರೆದಿವೆ. ಒಬ್ಬ ಸದಸ್ಯರಿಗೆಂದು ಬರೆದ ಉತ್ತರ ಮಾತ್ರ ಅವರದ್ದೇ.

ಪ್ರಶ್ನೆ: ಟಿಪ್ಪಣಿಯನ್ನು ಈಗ ಎಐ ಬರೆದುಕೊಡುವುದಿಲ್ಲವೇ?

ಉತ್ತರ: ಉದ್ದದ ನಡಾವಳಿಯಲ್ಲಿ ಒಂದು ವಿಷಯ ಎಲ್ಲೆಲ್ಲಿ ಬಂದಿದೆ ಎಂದು ಗುರುತಿಸಲು, ಮೊದಲ ಕರಡಿಗೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಇಲ್ಲದ ತೀರ್ಪು, ಇಲ್ಲದ ಕಲಂ ಸಂಖ್ಯೆಯನ್ನು ಇದ್ದಂತೆಯೇ ಬರೆದುಬಿಡುತ್ತದೆ. ಹಾಗಾಗಿ ಪ್ರತಿ ಉಲ್ಲೇಖವನ್ನೂ ಮೂಲ ತೆರೆದು ನೋಡಲೇಬೇಕು. ಅಷ್ಟಕ್ಕೆ ಹಿಡಿಯುವ ಹೊತ್ತನ್ನು ಸೇರಿಸಿದರೆ ಉಳಿತಾಯ ಅಂದುಕೊಂಡಷ್ಟಿಲ್ಲ. ಇನ್ನೊಂದು ಮಾತು: ಸದಸ್ಯರ ಪ್ರಶ್ನೆಯನ್ನು ಹೊರಗಿನ ಯಂತ್ರಕ್ಕೆ ಹಾಗೇ ಅಂಟಿಸುವುದೆಂದರೆ ಗೋಪ್ಯತೆಯನ್ನು ಕಟ್ಟಡದ ಆಚೆ ಕಳಿಸಿದ ಹಾಗೆ.

ಪ್ರಶ್ನೆ: ಸಣ್ಣ ಶಾಸನಸಭೆ, ಗ್ರಂಥಾಲಯದಲ್ಲಿ ಮೂವರೇ ಸಿಬ್ಬಂದಿ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ದೊಡ್ಡ ಸಂಶೋಧನಾ ಪ್ರಬಂಧದ ಆಸೆ ಬಿಡಿ. ಮರುದಿನದ ಕಾರ್ಯಕಲಾಪ ಪಟ್ಟಿ ಕೈಗೆ ಬಂದ ಸಂಜೆ ಅದರಲ್ಲಿನ ಒಂದೇ ಒಂದು ಮುಖ್ಯ ವಿಷಯಕ್ಕೆ ಒಂದು ಪುಟ ಬರೆಯಿರಿ. ಗಡುವುಗಳನ್ನು ಮೊದಲೇ ಹೇಳಿಬಿಡಿ, ಒಂದು ಅಂಕಿಗೆ ಎರಡು ಗಂಟೆ, ಒಂದು ಪುಟಕ್ಕೆ ಒಂದು ದಿನ, ಬೇರೆ ದೇಶಗಳ ಹೋಲಿಕೆಗೆ ಒಂದು ವಾರ ಎಂದು. ಒಂದು ಎಕ್ಸೆಲ್ ಹಾಳೆಯಲ್ಲಿ ಪ್ರಶ್ನೆ, ಬಂದ ಹೊತ್ತು, ಬೇಕಾದ ಹೊತ್ತು, ಕೊಟ್ಟ ಹೊತ್ತು, ಬಳಸಿದ ಮೂಲ ಬರೆದಿಡಿ, ಆರು ತಿಂಗಳಲ್ಲಿ ಅದೇ ನಿಮ್ಮ ಅತ್ಯುತ್ತಮ ಪುಸ್ತಕವಾಗುತ್ತದೆ. ಬೇರೆ ಸಂಸತ್ತುಗಳು ಪ್ರಕಟಿಸಿದ ಟಿಪ್ಪಣಿಗಳಿಂದ ಪ್ರಶ್ನೆಗಳನ್ನು ಎರವಲು ಪಡೆಯಿರಿ, ಉತ್ತರಗಳನ್ನಲ್ಲ, ಕಾನೂನು ಬೇರೆ. ಯಾವುದನ್ನು ಮಾಡುವುದಿಲ್ಲ ಎಂದೂ ಬರೆದು ಅಧ್ಯಕ್ಷರ ಸಹಿ ಹಾಕಿಸಿ: ಚುನಾವಣಾ ಕರಪತ್ರ, ಸದಸ್ಯರ ಮಗನ ಕಾಲೇಜು ಪ್ರಾಜೆಕ್ಟು, ಸದಸ್ಯರದ್ದೇ ಪಿಎಚ್‌ಡಿ. ನಗಬೇಡಿ, ಮೂರಕ್ಕೂ ಕೇಳಿಕೆ ಬರುತ್ತದೆ.

ಪ್ರಶ್ನೆ: ಕಳಿಸಿದ ಮೇಲೆ ತಪ್ಪು ಕಂಡರೆ?

ಉತ್ತರ: ಮೊದಲು ಫೋನು, ಆಮೇಲೆ ಕಾಗದ. ಆ ಟಿಪ್ಪಣಿ ಪಡೆದ ಪ್ರತಿಯೊಬ್ಬರಿಗೂ, ಪಕ್ಷ ನೋಡದೆ, ಒಂದೇ ಹೊತ್ತಿಗೆ ತಿಳಿಸಬೇಕು. ತಿದ್ದಿದ ಪ್ರತಿಯ ತಲೆಯಲ್ಲಿ ಏನು ತಪ್ಪಿತ್ತು, ಏನಾಗಬೇಕು, ಎಷ್ಟು ಗಂಟೆಗೆ ತಿದ್ದಿದ್ದು ಎಂದು ಇರಬೇಕು. ಸದ್ದಿಲ್ಲದೆ ಫೈಲು ಬದಲಿಸಬಾರದು, ಹಳೆಯ ಪ್ರತಿ ಯಾರದ್ದೋ ಜೇಬಿನಲ್ಲಿ ಸದನದೊಳಗೆ ಹೋಗಿರುತ್ತದೆ.